ಬಾರಕೂರು ಸೀಮೆಯ ಪ್ರಾಚೀನ ದೇವಾಲಯಗಳೂ ಫರ್ಗುಸನ್ನನ ಮತವೂ

ಬಾರಕೂರಿನಲ್ಲಿ ಹಿಂದೆ 365 ದೇವಾಲಯಗಳಿದ್ದುವೆಂದೂ, ಅರಸನು ದಿನಕ್ಕೊಂದರಂತೆ ವರ್ಷವೆಲ್ಲ ಉತ್ಸವ ನಡೆಯಿಸುತ್ತಿದ್ದನೆಂದೂ ಆ ಸೀಮೆಯಲ್ಲಿ ಬಹುಕಾಲದಿಂದ ಪ್ರತೀತಿಯಿದೆ. ಇಂತಹ ಸಂಖ್ಯೆಗಳನ್ನು ಎಣಿಕೆಯೆಂದು ತಿಳಿಯಲಾಗದು. ಅದು ಒಂದು ಪಟ್ಟಣದ ಹಿರಿಮೆಯನ್ನು ಹೇಳುವ ರೀತಿ. ಆದರೂ ಸೀತಾನದಿಯ ದಡದ ಈ ಊರಿನಲ್ಲಿ ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿಗಳನ್ನು ಒಂದು ಬೆಳಗಿನೊಳಗೆ ಸುತ್ತಿ ಬಂದವರಿಗೆ ಆ ಪ್ರತೀತಿ ಪೂರ್ತಿ ನಿರಾಧಾರವೆಂದು ತೋರಲಾರದು. ತೆಂಗಿನ ತೋಟಗಳ ನಡುವೆ, ಗದ್ದೆಯ ಅಂಚುಗಳಲ್ಲಿ, ಪೂಜೆ ನಡೆಯುವುವೂ ನಡೆಯದಿರುವುವೂ ಆದ ಗುಡಿಗಳು, ಬಸದಿಗಳು, ಕೆರೆಗಳು, ಶಾಸನದ ಕಲ್ಲುಗಳು ಇಷ್ಟು ಒತ್ತಾಗಿ ಕೂಡಿರುವ ಸ್ಥಳಗಳು ಕರಾವಳಿಯಲ್ಲಿ ವಿರಳ.

ಈ ಊರಿನ ರಾಜಕೀಯ ಚರಿತ್ರೆಯು ವಿದ್ವಾಂಸರಿಗೆ ಅಪರಿಚಿತವಾದುದಲ್ಲ. ಆಳುಪರ ರಾಜಧಾನಿಗಳಲ್ಲಿ ಇದು ಒಂದಾಗಿದ್ದಿತು. 13ನೆಯ ಶತಮಾನದ ಕೊನೆಯ ಭಾಗದಲ್ಲಿ ಬಲ್ಲಮಹಾದೇವಿಯು, ಮುಂದಿನ ಶತಮಾನದ ಪೂರ್ವಾರ್ಧದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನ ರಾಣಿಯಾದ ಚಿಕ್ಕಾಯಿತಾಯಿಯು ಈ ಸೀಮೆಯನ್ನು ಆಳಿದರು. 1342ರ ಸುಮಾರಿನಲ್ಲಿ ಈ ಕರಾವಳಿಯನ್ನು ಹಾದುಹೋದ ಇಬ್ನ್ ಬತೂತನು ‘ಫಾಕನೂರ್’ ಎಂದು ಬರೆದಿರುವುದು ಬಾರಕೂರನ್ನೇ. ನದಿಯ ಹಿನ್ನೀರಿನ ಮೇಲಿನ ದೊಡ್ಡ ಊರು, ಕಬ್ಬಿನ ಬೆಳೆ, ಅರಸನ ಸುಮಾರು 30 ಯುದ್ಧನೌಕೆಗಳು, ಇವು ಅವನ ಕಣ್ಣಿಗೆ ಬಿದ್ದುವು. ಗುಡಿಗಳು ಬೀಳಲಿಲ್ಲ, ಅಥವಾ ಬಿದ್ದರೂ ಅವನು ಬರೆಯಲಿಲ್ಲ. ಬಳಿಕ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂದೂ ಮಂಗಳೂರು ರಾಜ್ಯವೆಂದೂ ತುಳುನಾಡು ಎರಡು ಭಾಗವಾಗಿ, ಇಲ್ಲಿ ಅಧಿಕಾರಿಗಳು ಇರುತ್ತಿದ್ದರು. ಇಷ್ಟನ್ನು ಶಾಸನಗಳಿಂದ ತಿಳಿಯಬಹುದು. ಆದರೆ ಈ ಕಾಲಗಳಲ್ಲಿ ಯಾವ ಗುಡಿ ಯಾವಾಗ ಎದ್ದಿತು, ಅದರ ಯಾವ ಭಾಗ ಯಾವ ಕಾಲದ್ದು ಎಂಬ ಪ್ರಶ್ನೆಗೆ ಅದೇ ಶಾಸನಗಳು ಉತ್ತರ ಕೊಡುವುದು ಅಪೂರ್ವ.

ಇದಕ್ಕೆ ಕಾರಣವನ್ನು ಶಾಸನಗಳ ಸ್ವರೂಪದಲ್ಲಿಯೇ ಹುಡುಕಬೇಕು. 1901ರಲ್ಲಿ ಮದರಾಸಿನ ಶಾಸನ ಇಲಾಖೆಯವರು ಬಾರಕೂರು, ಬಸರೂರು ಮೊದಲಾದೆಡೆಗಳಲ್ಲಿ ಪ್ರತಿಮಾಡಿ, ಅನಂತರ ‘ದಕ್ಷಿಣ ಭಾರತ ಶಾಸನಗಳು’ ಗ್ರಂಥಮಾಲೆಯ 7ನೆಯ ಸಂಪುಟದಲ್ಲಿ ಅಚ್ಚುಹಾಕಿಸಿದ ಪಾಠಗಳನ್ನು ಓದಿದರೆ, ಅವುಗಳ ಆಸಕ್ತಿಯು ಎಲ್ಲಿದೆಯೆಂಬುದು ಬೇಗನೆ ತಿಳಿಯುತ್ತದೆ. ದೇವರ ಅಮೃತಪಡಿಗೆ ಇಷ್ಟು ಮುಡಿ ಅಕ್ಕಿ, ನಂದಾದೀಪಕ್ಕೆ ಇಷ್ಟು ಎಣ್ಣೆ, ಬ್ರಾಹ್ಮಣಭೋಜನಕ್ಕೆ ಇಂತಹ ಗದ್ದೆ, ಅದರ ಚತುಸ್ಸೀಮೆ, ಅದಕ್ಕೆ ಕೊಟ್ಟ ಬಾರಕೂರ ಗದ್ಯಾಣಗಳ ಲೆಕ್ಕ, ತಪ್ಪಿದವರಿಗೆ ಶಾಪ. ಹತ್ತು ಕೇರಿಯ ಹಲರು ಕೂಡಿ ಒಪ್ಪಿದರೆಂಬ ಮಾತೂ ಬರುತ್ತದೆ. ಈ ‘ಹಲರು’ ಎಂಬುದು ಗಮನಾರ್ಹವಾದ ಶಬ್ದ. ಗುಡಿಯು ಅರಸನ ಕೀರ್ತಿಸ್ತಂಭವಾಗಿರದೆ ಕೇರಿಯವರ ಸೊತ್ತಾಗಿದ್ದಿತೆಂಬುದನ್ನು ಅದು ಸೂಚಿಸುತ್ತದೆ. ಯುರೋಪಿನ ಹಳ್ಳಿಗಳಲ್ಲಿ ಒಂದೊಂದು ಗ್ರಾಮಸಮುದಾಯಕ್ಕೂ ಒಂದೊಂದು ಇಗರ್ಜಿಯಿದ್ದು ಅದರ ಪೋಷಣೆಯ ಭಾರವು ಆ ಊರಿನವರ ಮೇಲೆಯೇ ಇದ್ದುದಕ್ಕೆ ಇದು ಬಹಳ ದೂರವಾದುದಲ್ಲ. ಕೇರಿಯವರಿಗೆ ದೀಪ ಆರಬಾರದು, ನೈವೇದ್ಯ ನಿಲ್ಲಬಾರದು. ಗೋಡೆ ಕುಸಿದರೆ ಕಟ್ಟಿಸುವುದು ಮನೆಯ ಮಾಡಿಗೆ ಹುಲ್ಲು ಹೊದೆಸಿದಷ್ಟೇ ಸಹಜವಾದ ಕೆಲಸ. ಅದನ್ನು ಕಲ್ಲಿನಲ್ಲಿ ಕೆತ್ತಿಸುವ ಅವಶ್ಯಕತೆ ಅವರಿಗೆ ತೋರಿರಲಾರದು. ಹೀಗಾಗಿ ಶಾಸನದ ಕಾಲವನ್ನು ಕಟ್ಟಡದ ಕಾಲವೆಂದು ಹಿಡಿಯುವ ಪದ್ಧತಿ ಈ ಸೀಮೆಗೆ ಸಲ್ಲುವುದಿಲ್ಲ. ಅಂಗಳದಲ್ಲಿ ನಿಂತ ಕಲ್ಲು ಹೇಳುವುದು ದೀಪದ ಕಾಲವನ್ನು, ಗೋಡೆಯ ಕಾಲವನ್ನಲ್ಲ.

ಶಾಸನಗಳು ಹೀಗೆ ಮೌನವಾಗಿರುವಾಗ ಕಟ್ಟಡವನ್ನೇ ಪ್ರಮಾಣವಾಗಿ ಓದಬೇಕಾಗುತ್ತದೆ. ಆ ಓದಿಗೆ ಮೊದಲು ದಾರಿ ಹಾಕಿದವನು ಜೇಮ್ಸ್ ಫರ್ಗುಸನ್. 1876ರಲ್ಲಿ ಪ್ರಕಟವಾದ ತನ್ನ ಭಾರತೀಯ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಅವನು ಕನ್ನಡ ಜಿಲ್ಲೆಯ ಜೈನ ಬಸದಿಗಳಿಗೆ, ವಿಶೇಷವಾಗಿ ಮೂಡಬಿದಿರೆಯವುಗಳಿಗೆ, ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟನು. ಅವನ ಮತದ ಸಾರ ಹೀಗಿದೆ: ಈ ಶೈಲಿಗೂ ನೆರೆಯ ದ್ರಾವಿಡ ಶೈಲಿಗೂ ಸಂಬಂಧವಿಲ್ಲ, ಇದರ ಹತ್ತಿರದ ನಂಟು ದೂರದ ನೇಪಾಳದಲ್ಲಿದೆ, ಕಂಬಗಳು ಮೂಲೆ ಸವರಿದ ಮರದ ದಿಮ್ಮಿಗಳಂತಿವೆ, ಇಳಿಜಾರಾದ ಮಾಡುಗಳು ಮರದ ಕೆಲಸವನ್ನು ಎಷ್ಟು ನೇರವಾಗಿ ಹೋಲುತ್ತವೆಯೆಂದರೆ, ಶೈಲಿಯು ತನ್ನ ಮರದ ಮೂಲದಿಂದ ಇನ್ನೂ ಹೆಚ್ಚು ದೂರ ಬಂದಿಲ್ಲ. ಮೂಡಬಿದಿರೆಯ ಜೈನ ಗುರುಗಳ ಸಮಾಧಿಗಳು ಅಂತಸ್ತು ಅಂತಸ್ತಾಗಿ ಎದ್ದಿರುವುದೂ ಅವನಿಗೆ ಹಿಮಾಲಯದ ಕಡೆಯ ನೆನಪನ್ನೇ ತಂದಿತು. ಈ ಮತವು ಗ್ರಂಥದಿಂದ ಗ್ರಂಥಕ್ಕೆ ಇಳಿದು ಬಂದು, ಜಿಲ್ಲೆಯ ಕೈಪಿಡಿಗಳಲ್ಲಿಯೂ ಶಾಲೆಯ ಪಾಠಗಳಲ್ಲಿಯೂ ಸೇರಿಕೊಂಡು, ಕರಾವಳಿಯ ಗುಡಿಯೆಂದರೆ ಮರವನ್ನು ಅನುಕರಿಸಿದ ಕಲ್ಲು ಎಂಬುದು ಒಂದು ಸೂತ್ರದಂತಾಗಿದೆ. ನೇಪಾಳದ ಮಾತನ್ನು ಮಾತ್ರ ಈಚಿನವರು ಮೆಲ್ಲಗೆ ಬಿಟ್ಟುಬಿಟ್ಟರು. ಅನುಕರಣೆಯ ಮಾತು ಉಳಿಯಿತು. ಪರೀಕ್ಷಿಸಬೇಕಾದುದು ಅದನ್ನೇ.

ಒಂದು ವಸ್ತುವು ಇನ್ನೊಂದನ್ನು ಅನುಕರಿಸುತ್ತಿದೆಯೆಂದು ಹೇಳುವುದಕ್ಕೆ ಲಕ್ಷಣವೇನು? ಬರಿಯ ಹೋಲಿಕೆ ಸಾಲದು. ಮಳೆಯ ನೀರು ಕೆಳಗೆ ಜಾರಿಹೋಗಬೇಕೆಂದಾದರೆ ಹುಲ್ಲಾಗಲಿ, ಹಲಗೆಯಾಗಲಿ, ಹಂಚಾಗಲಿ, ಕಲ್ಲಾಗಲಿ ಇಳಿಜಾರಾಗಿಯೇ ಇರಬೇಕು, ಮೇಲಿನದು ಕೆಳಗಿನದರ ಅಂಚನ್ನು ಮುಚ್ಚಲೇಬೇಕು. ಅಲ್ಲಿ ಯಾವುದೂ ಯಾವುದನ್ನೂ ಅನುಕರಿಸುತ್ತಿಲ್ಲ. ಎಲ್ಲವೂ ನೀರಿಗೆ ವಿಧೇಯವಾಗಿವೆ. ಕಲ್ಲಿನಲ್ಲಿ ಏನೂ ಕೆಲಸವಿಲ್ಲದ, ಮರದಲ್ಲಿ ಮಾತ್ರ ಕೆಲಸವಿರುವ ಒಂದು ಅಂಗವು ಕಲ್ಲಿನಲ್ಲಿಯೂ ಉಳಿದಿದ್ದರೆ ಮಾತ್ರ ಅನುಕರಣೆಯೆನ್ನಬಹುದು. ಕೆಲವು ಗುಹಾಚೈತ್ಯಗಳ ಕಮಾನಿನೊಳಗೆ ಕಲ್ಲಿನಲ್ಲಿಯೇ ಕಡೆದ ತೊಲೆಗಳಂತಹ ಪಟ್ಟಿಗಳು ಇದಕ್ಕೆ ನಿದರ್ಶನ. ಬಂಡೆಯನ್ನು ಕೊರೆದ ಗುಹೆಗೆ ತೊಲೆಯ ಆಧಾರ ಬೇಕಾಗಿಲ್ಲ.

ಇದಕ್ಕಿಂತ ಬಲವಾದ ಪ್ರಮಾಣವೆಂದರೆ ಮರದ ಮೂಲವೇ ದೊರೆಯುವುದು. ಸ್ವೀಡನ್ ದೇಶದ ಗಾಟ್ಲೆಂಡ್ ದ್ವೀಪದ ಹೆಮ್ಸೆ ಎಂಬ ಊರಿನಲ್ಲಿ ಮಧ್ಯಯುಗದ ಕಲ್ಲಿನ ಇಗರ್ಜಿಯನ್ನು 19ನೆಯ ಶತಮಾನದ ಕೊನೆಯಲ್ಲಿ ದುರಸ್ತಿಮಾಡುವಾಗ ನೆಲಹಾಸಿನಲ್ಲಿ ಹಳೆಯ ಹಲಗೆಗಳು ದೊರೆತುವು. ಜೋಡಿಸಿ ನೋಡಲಾಗಿ ಅವು ಅದಕ್ಕೂ ಹಿಂದಿನ ಮರದ ಇಗರ್ಜಿಯ ಗೋಡೆಗಳಾಗಿದ್ದುವು. ಅಲ್ಲಿ ಮರದಿಂದ ಕಲ್ಲಿಗೆ ಬಂದರೆಂಬುದು ಊಹೆಯಲ್ಲ, ಕೈಯಲ್ಲಿ ಹಿಡಿದು ತೋರಿಸಬಹುದಾದ ಸಂಗತಿ. ಅಂತಹ ಹಲಗೆಯೊಂದು ಬಾರಕೂರಿನ ಮಣ್ಣಿನಲ್ಲಿ ಸಿಕ್ಕೀತೆಂದು ಹಾರೈಸುವಂತಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ, ಗೆದ್ದಲು ಎಂದೂ ಬಿಡುವು ಕೊಡದ ಈ ನೆಲದಲ್ಲಿ 800 ವರ್ಷದ ಮರ ಉಳಿಯುವುದಿಲ್ಲ. ಆದುದರಿಂದ ಮೊದಲನೆಯ ಲಕ್ಷಣದಿಂದಲೇ ವಿಚಾರ ಮಾಡಬೇಕಾಗಿದೆ.

ಕಂಬಗಳನ್ನು ಮೊದಲು ನೋಡೋಣ. ಬುಡದಲ್ಲಿ ಚೌಕ, ನಡುವೆ ಎಂಟು ಪಟ್ಟಿ, ಮತ್ತೆ ಚೌಕ, ಇದು ಕರಾವಳಿಯ ಕಂಬದ ಸಾಮಾನ್ಯ ರೂಪ. ಫರ್ಗುಸನ್ನನು ದಿಮ್ಮಿಯನ್ನು ಕಂಡುದು ಇದರಲ್ಲಿಯೇ. ಆದರೆ ಈ ರೂಪವು ದಖ್ಖನಿನ ಗುಹೆಗಳಲ್ಲಿಯೂ ಪಲ್ಲವರ ಮಂಟಪಗಳಲ್ಲಿಯೂ 6, 7ನೆಯ ಶತಮಾನಗಳಿಂದ ಕಲ್ಲಿನಲ್ಲಿ ನೆಲಸಿದುದು. ಮೂಡಬಿದಿರೆಯ ಸಾವಿರ ಕಂಬದ ಬಸದಿ ಎದ್ದುದು 1430ರಲ್ಲಿ. ಅಷ್ಟು ಹೊತ್ತಿಗೆ ಚೌಕ-ಅಷ್ಟಪಟ್ಟಿಯ ಕಂಬಕ್ಕೆ ಕಲ್ಲಿನಲ್ಲಿಯೇ ಸುಮಾರು 800 ವರ್ಷಗಳ ವಂಶಾವಳಿಯಿತ್ತು. 15ನೆಯ ಶತಮಾನದ ಶಿಲ್ಪಿಯು ತನ್ನ ಪೂರ್ವಿಕರ ಕಲ್ಲುಕಂಬಗಳನ್ನು ನೋಡದೆ ನೆರೆಮನೆಯ ಮರದ ಕಂಬವನ್ನು ನೋಡಿ ಕೆತ್ತಿದನೆಂದು ಹೇಳಲು ಬೇರೆ ಆಧಾರ ಬೇಕು. ಆ ಆಧಾರವನ್ನು ಯಾರೂ ಕೊಟ್ಟಿಲ್ಲ.

ಮಾಡುಗಳ ವಿಷಯ ಇನ್ನೂ ಸ್ಪಷ್ಟ. ಬಾರಕೂರಿನ ಕತ್ತಲೆ ಬಸದಿಯ ಮೇಲೆಯೂ, ಬೈಂದೂರಿಗೆ ಉತ್ತರದಲ್ಲಿರುವ ಭಟ್ಕಳದ ಗುಡಿಬಸದಿಗಳ ಮೇಲೆಯೂ ಉದ್ದವಾದ ಕಲ್ಲುಹಾಸುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಇಳುಕಲಾಗಿ ಹೊದೆಸಿದೆ. ಇವು ಹಲಗೆಯಂತೆ ಕಾಣುತ್ತವೆಂಬುದು ನಿಜ. ಆದರೆ ಅವುಗಳಲ್ಲಿ ಕೆಲಸವಿಲ್ಲದ ಅಂಗ ಯಾವುದು? ಚಾಚಿಕೊಂಡ ಅಂಚು ಗೋಡೆಯನ್ನು ಎರಚಲಿನಿಂದ ಕಾಯುತ್ತದೆ; ಒಂದರ ಮೇಲೊಂದು ಹಾಸಿದುದು ಸೋರದಂತೆ ತಡೆಯುತ್ತದೆ; ಇಳುಕಲು ನೀರನ್ನು ನಿಲ್ಲಗೊಡುವುದಿಲ್ಲ. ಘಟ್ಟದ ಮೇಲಿನ ಚಪ್ಪಟೆಯ ಮಾಳಿಗೆಯನ್ನು ಇಲ್ಲಿ ಕಟ್ಟಿದ್ದರೆ ಎರಡು ಮಳೆಗಾಲಗಳಲ್ಲಿ ಗರ್ಭಗೃಹದೊಳಗೆ ಕೆರೆಯಾಗುತ್ತಿದ್ದಿತು. ಆದುದರಿಂದ ಮಾಡಿನ ಆಕಾರಕ್ಕೆ ಆಷಾಢ ಶ್ರಾವಣಗಳೇ ಸಾಕಾದ ಕಾರಣ. ನೇಪಾಳದವರೆಗೆ ಹೋಗಬೇಕಾಗಿಲ್ಲ, ಮರದವರೆಗೂ ಹೋಗಬೇಕಾಗಿಲ್ಲ. ಹಿಮಾಲಯದ ತಪ್ಪಲಿನಲ್ಲಿಯೂ ಇಂತಹ ಮಾಡುಗಳಿರುವುದು ಅಲ್ಲಿಯೂ ಆಕಾಶದಿಂದ ಬೀಳುವುದರ ಭಯವಿರುವುದರಿಂದ.

ಹೀಗೆಂದ ಮಾತ್ರಕ್ಕೆ ಫರ್ಗುಸನ್ನನ ಕಣ್ಣು ಪೂರ್ತಿ ತಪ್ಪಿತೆಂದಲ್ಲ. ಭಟ್ಕಳದ ಖೇತಪೈ ನಾರಾಯಣ ದೇವಾಲಯದ ಸುತ್ತಲೂ ಕಲ್ಲಿನ ಸಲಾಕಿಗಳನ್ನು ನಿಲ್ಲಿಸಿ ಮಾಡಿದ ಜಾಲಂದರದಂತಹ ತಡಿಕೆಯಿದೆ. ಇಷ್ಟು ತೆಳುವಾಗಿ, ಇಷ್ಟು ಉದ್ದವಾಗಿ, ಮುರಿಯುವ ಭಯವನ್ನು ಲೆಕ್ಕಿಸದೆ ಕಲ್ಲನ್ನು ಕಡೆಯುವುದು ಕಲ್ಲಿಗೆ ಸ್ವಭಾವಸಿದ್ಧವಾದ ಕೆಲಸವಲ್ಲ. ಇದು ಬಡಗಿಯ ಯೋಚನೆ. ಇಲ್ಲಿ ಅನುಕರಣೆಯೆಂಬ ಮಾತು ಸಲ್ಲುತ್ತದೆ. ಒಂದು ತಡಿಕೆಗೆ ಸಲ್ಲುವ ಮಾತನ್ನು ಇಡೀ ಶೈಲಿಗೆ ಹೊದೆಸಿದುದೇ ಆ ಮಹಾಶಯನ ಮತದ ದೋಷ.

ಮಾಡಿನ ಹಾಗೂ ಕಂಬದ ಮೇಲೆಯೇ ದೃಷ್ಟಿ ನಿಂತುದರಿಂದ ಫರ್ಗುಸನ್ನನೂ ಅವನ ಅನುಯಾಯಿಗಳೂ ಈ ಸೀಮೆಯ ದೇವಾಲಯಗಳಲ್ಲಿ ಅತ್ಯಂತ ವಿಚಾರಣೀಯವಾದುದನ್ನು, ಅಂದರೆ ತಳವಿನ್ಯಾಸವನ್ನು, ಗಮನಿಸದೆ ಹೋದರು. ಬಾರಕೂರು ಕೋಟೆಕೇರಿಯ ಪಂಚಲಿಂಗೇಶ್ವರ ದೇವಾಲಯವೂ, ಬ್ರಹ್ಮಾವರದ ಮಹಾಲಿಂಗೇಶ್ವರ ದೇವಾಲಯವೂ, ಉಡುಪಿಯ ಅನಂತೇಶ್ವರವೂ ಗಜಪೃಷ್ಠಾಕಾರದವು: ಮುಂಭಾಗ ಚೌಕವಾಗಿದ್ದು ಹಿಂಭಾಗವು ಆನೆಯ ಬೆನ್ನಿನಂತೆ ದುಂಡಾಗಿ ತಿರುಗುತ್ತದೆ. ಪ್ರದಕ್ಷಿಣೆ ಬರುವ ಭಕ್ತನಿಗೆ ಹಿಂಬದಿಯಲ್ಲಿ ಮೂಲೆಯೇ ಸಿಗುವುದಿಲ್ಲ. ಕಾಲು ತಾನಾಗಿಯೇ ಸುತ್ತುತ್ತದೆ. ಈ ರೂಪದ ಪೂರ್ವೇತಿಹಾಸ ದೀರ್ಘವಾದುದು. ಬೌದ್ಧರ ಚೈತ್ಯಗೃಹಗಳಲ್ಲಿ, ಆಂಧ್ರದ ಚೇಜೆರ್ಲದ ಕಪೋತೇಶ್ವರದಲ್ಲಿ, ಮಹಾಬಲಿಪುರದ ಸಹದೇವರಥದಲ್ಲಿ, ಐಹೊಳೆಯ ದುರ್ಗದ ಗುಡಿಯಲ್ಲಿ ಅದು ಕಾಣುತ್ತದೆ. ಆದರೆ ಘಟ್ಟದ ಮೇಲಿನ ಕರ್ನಾಟಕದಲ್ಲಿ 8ನೆಯ ಶತಮಾನದ ಐಹೊಳೆಯ ಅನಂತರ ಈ ವಿನ್ಯಾಸ ಬಹುಮಟ್ಟಿಗೆ ಮರೆಯಾಯಿತು. ಕಲ್ಯಾಣದ ಚಾಲುಕ್ಯರೂ ಹೊಯ್ಸಳರೂ ನಕ್ಷತ್ರಾಕಾರದ ಕಡೆಗೆ ಹೋದರು. ಘಟ್ಟದ ಕೆಳಗೆ, ಮಲೆಯಾಳ ದೇಶದವರೆಗೂ, ಅದು ಜೀವಂತವಾಗಿ ಉಳಿಯಿತು.

ಏಕೆ ಉಳಿಯಿತು? ಬೌದ್ಧ ಚೈತ್ಯದ ನೆನಪೆಂದು ಕೆಲವರು ಹೇಳುವುದುಂಟು. ಆಗಮಪರವಾಗಿ ವೇಸರವೆಂಬ ವರ್ಗಕ್ಕೆ ಸೇರಿಸಿ ಸುಮ್ಮನಾಗುವವರೂ ಉಂಟು. ಮೊದಲನೆಯದು ನಡುವಿನ ಶತಮಾನಗಳನ್ನು ದಾಟಿಸಲಾರದು. ಎರಡನೆಯದು ಹೆಸರನ್ನು ಕೊಡುತ್ತದೆ, ಕಾರಣವನ್ನು ಕೊಡುವುದಿಲ್ಲ. ಮುಳಿಹುಲ್ಲಿನ ಮಾಡನ್ನು ಹೊದೆಸಿ ಬಲ್ಲ ಒಬ್ಬ ಕುಂದಾಪುರದ ಒಕ್ಕಲಿಗನನ್ನು ಕೇಳಿದರೆ ಇವರಿಬ್ಬರಿಗಿಂತ ಹತ್ತಿರದ ಉತ್ತರ ದೊರೆತೀತು. ಹುಲ್ಲಿನ ಮಾಡು ಮೊದಲು ಸೋರುವುದು ಎರಡು ಇಳುಕಲುಗಳು ಕೂಡುವ ಮೂಲೆಯ ಏಣಿನಲ್ಲಿ. ಹಿಂಭಾಗವನ್ನು ದುಂಡಾಗಿ ತಿರುಗಿಸಿದರೆ ಆ ಏಣೇ ಇರುವುದಿಲ್ಲ. ಹುಲ್ಲು ಒಂದೇ ಸಮನೆ ಸುತ್ತಿಬರುತ್ತದೆ. ಗೋಡೆಯ ಕಡೆಯಿಂದ ನೋಡಿದರೂ ಅಷ್ಟೆ. ಕರಾವಳಿಯ ಮುರಕಲ್ಲು ನೆಲದಿಂದ ತೆಗೆಯುವಾಗ ಮೆತುವಾಗಿದ್ದು ಕೊಡಲಿಯಲ್ಲಿ ಕಡಿಯಲು ಬರುತ್ತದೆ, ಗಾಳಿಬಿಸಿಲಿಗೆ ಇಟ್ಟಂತೆ ಗಟ್ಟಿಯಾಗುತ್ತದೆ. ಸೂಕ್ಷ್ಮವಾದ ಶಿಲ್ಪಕ್ಕೆ ಅದು ಒಗ್ಗದಿದ್ದರೂ ಬಾಗಿದ ಗೋಡೆಯನ್ನು ಎಬ್ಬಿಸುವುದಕ್ಕೆ ಅದಕ್ಕಿಂತ ಅನುಕೂಲವಾದ ವಸ್ತು ವಿರಳ. ಹುಲ್ಲು ಮೇಲಿನಿಂದ, ಮುರಕಲ್ಲು ಕೆಳಗಿನಿಂದ, ಎರಡೂ ದುಂಡನ್ನೇ ಬಯಸಿದುವು. ಇದು ಅನುಮಾನಪ್ರಮಾಣವೆಂಬುದು ನಿಜವಾದರೂ, ಒಂದು ಹಳೆಯ ವಿನ್ಯಾಸವು ಒಂದು ಕಡೆ ಅಳಿದು ಇನ್ನೊಂದು ಕಡೆ ಉಳಿದುದಕ್ಕೆ ಸಮಾಧಾನ ಹೇಳಬಲ್ಲುದು ಇದೊಂದೇ ಎಂದು ತೋರುತ್ತದೆ. ಹೀಗೆ ನೋಡಿದಾಗ ಫರ್ಗುಸನ್ನನು ಹುಡುಕಿದ ‘ಮೂಲ’ವು ಮರದ ಕಂಬದಲ್ಲಿರದೆ ಹುಲ್ಲಿನ ಹೊದಿಕೆಯಲ್ಲಿದೆ ಎನ್ನಬೇಕಾಗುತ್ತದೆ.

ಕರಾವಳಿಯವರಿಗೆ ಬೇರೆ ಶೈಲಿ ತಿಳಿಯದುದರಿಂದ ಹೀಗೆ ಕಟ್ಟಿದರೆಂಬ ಆಕ್ಷೇಪಕ್ಕೆ ಬೈಂದೂರಿನ ಸೇನೇಶ್ವರ ದೇವಾಲಯವೇ ಉತ್ತರ. ಅದರ ಕೆತ್ತನೆಯ ಕಂಬಗಳೂ ಅಲಂಕಾರದ ರೀತಿಯೂ ಘಟ್ಟದ ಮೇಲಿನ ಚಾಲುಕ್ಯ-ಹೊಯ್ಸಳ ಪದ್ಧತಿಯನ್ನು ಕೂಡಲೆ ನೆನಪಿಗೆ ತರುತ್ತವೆ. ಬೇಕೆಂದಾಗ ಶಿಲ್ಪಿಗಳನ್ನು ಕರೆಯಿಸಿ ಆ ತರಹದ ಕೆಲಸವನ್ನು ಮಾಡಿಸಲು ಇಲ್ಲಿಯವರಿಗೆ ಶಕ್ತಿಯಿತ್ತು. ಬೇರೆಡೆಗಳಲ್ಲಿ ಮಾಡಿಸದಿದ್ದುದು ಆಯ್ಕೆಯಿಂದ. ಬಾರಕೂರಿನ ಬೋಳುಗೋಡೆಗಳನ್ನು ಹಳೆಬೀಡಿನ ಪಕ್ಕದಲ್ಲಿರಿಸಿ ಬಡತನವೆಂದು ಕರೆಯುವ ವಿಮರ್ಶೆ, ಕಂದಪದ್ಯವನ್ನು ವೃತ್ತದ ಅಳತೆಯಿಂದ ಅಳೆದಂತೆ.

ಇನ್ನು ಕಾಲನಿರ್ಣಯದ ವಿಷಯ. ಈ ಕ್ಷೇತ್ರದಲ್ಲಿ ಪಾದೂರು ಗುರುರಾಜ ಭಟ್ಟರ ಪರಿಶ್ರಮಕ್ಕೆ ಸಾಟಿಯಿಲ್ಲ. ತುಳುನಾಡಿನ ಗುಡಿಗಳನ್ನು ಊರೂರು ತಿರುಗಿ ಪರಿಶೀಲಿಸಿ ಅವರು 1975ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಬೃಹದ್ಗ್ರಂಥವಿಲ್ಲದೆ ಈಗ ಈ ವಿಷಯವಾಗಿ ಒಂದು ಪುಟವನ್ನೂ ಬರೆಯುವಂತಿಲ್ಲ. ಆದರೆ ಅವರು ಬಹಳವಾಗಿ ಅವಲಂಬಿಸಿದುದು ಮೂರ್ತಿಶಿಲ್ಪವನ್ನು. ವಿಗ್ರಹದ ಲಕ್ಷಣಗಳಿಂದ ಅದರ ಶತಮಾನವನ್ನು ಗುರುತಿಸಿ, ಅದರಿಂದ ದೇವಾಲಯದ ಪ್ರಾಚೀನತೆಗೆ ಹೋಗುವ ಮಾರ್ಗ ಅವರದು. ವಿಗ್ರಹಕ್ಕೂ ಗೋಡೆಗೂ ಇರುವ ಸಂಬಂಧ ಶಾಸನಕ್ಕೂ ಗೋಡೆಗೂ ಇರುವಷ್ಟೇ ಸಡಿಲವಾದುದು. ವಿಗ್ರಹವು ಹಳೆಯ ಗುಡಿಯಿಂದ ಹೊಸ ಗುಡಿಗೆ ಬರುತ್ತದೆ, ಬಾಲಾಲಯಕ್ಕೆ ಹೋಗಿ ಮರಳುತ್ತದೆ. ಅನಂತೇಶ್ವರದಂತಹ ಕಡೆ ಸಾಹಿತ್ಯವೇ ನೆರವಿಗೆ ಬರುತ್ತದೆ. ಮಧ್ವಾಚಾರ್ಯರ ಚರಿತ್ರೆಯಾದ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಆ ಸನ್ನಿಧಿಯು ಬರುವುದರಿಂದ, 13ನೆಯ ಶತಮಾನದಲ್ಲಿ ಅಲ್ಲಿ ದೇವಾಲಯವಿದ್ದುದು ನಿಸ್ಸಂದೇಹ. ಅಲ್ಲಿಯೂ ತಿಳಿಯುವುದು ಸನ್ನಿಧಿಯ ಕಾಲ, ಈಗ ಕಾಣುವ ಪ್ರತಿಯೊಂದು ಕಲ್ಲಿನ ಕಾಲವಲ್ಲ.

ಹಾಗಾದರೆ ಕಟ್ಟಡದಲ್ಲಿ ಅತ್ಯಂತ ಸ್ಥಿರವಾದುದು ಯಾವುದು? ಹೊದಿಕೆ ಹುಲ್ಲಿನಿಂದ ಹಂಚಿಗೂ ತಾಮ್ರಕ್ಕೂ ಬದಲಾಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರಖಾನೆಯನ್ನು ಹಾಕಿದ ಮೇಲೆ ಸುತ್ತುಪೌಳಿಗಳ ಮುಖವೇ ಬೇರೆಯಾಯಿತು. ಗೋಡೆಯನ್ನು ಇಳಿಸಿ ಎಬ್ಬಿಸುತ್ತಾರೆ. ಅಧಿಷ್ಠಾನವನ್ನು ಮಾತ್ರ ಬೇಗನೆ ಮುಟ್ಟುವುದಿಲ್ಲ. ದೇವರ ಪೀಠ ಅದರ ಮೇಲಿದೆ, ಆಯವ್ಯಯದ ಲೆಕ್ಕವೆಲ್ಲ ಅದರಿಂದ ಹೊರಡುತ್ತದೆ. ಉಪಾನ, ಜಗತಿ, ಕುಮುದ, ಕಪೋತಗಳ ಪಟ್ಟಿಕೆಗಳು ಕರಿಕಲ್ಲಿನಲ್ಲಿ ಉಳಿದುಕೊಂಡು, ತಮ್ಮ ಮೇಲಿನ ಗೋಡೆಗಿಂತ ಹಲವು ತಲೆಮಾರು ಹಳೆಯವಾಗಿರುವುದು ಸಾಧ್ಯ. ಕರಾವಳಿಯ ವಾಸ್ತುಚರಿತ್ರೆಯನ್ನು ಬರೆಯುವವರು ತಲೆಯೆತ್ತಿ ಮಾಡನ್ನು ನೋಡುವುದಕ್ಕೆ ಮೊದಲು ಕೂತು ತಳಪಾಯವನ್ನು ಅಳೆಯಬೇಕು: ದುಂಡಿನ ಅರ್ಧವ್ಯಾಸವೆಷ್ಟು, ಚೌಕಕ್ಕೂ ದುಂಡಿಗೂ ಇರುವ ಪ್ರಮಾಣವೇನು, ಕುಮುದವು ವೃತ್ತವೋ ಪಟ್ಟಿಯೋ. ಪಂಚಲಿಂಗೇಶ್ವರ, ಮಹಾಲಿಂಗೇಶ್ವರ, ಅನಂತೇಶ್ವರ ಈ ಮೂರರ ಇಂತಹ ಅಳತೆಗಳನ್ನು ಒಂದೇ ಪುಟದಲ್ಲಿರಿಸಿ ಹೋಲಿಸಿದರೆ, ಯಾವುದು ಯಾವುದಕ್ಕೆ ಮಾದರಿಯಾಯಿತೆಂಬುದನ್ನು ಶಾಸನದ ಹಂಗಿಲ್ಲದೆ ಚರ್ಚಿಸಬಹುದು.

ಈ ಕೆಲಸಕ್ಕೆ ಅವಕಾಶವು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಕಳೆದ ಕೆಲವು ದಶಕಗಳಿಂದ ಕರಾವಳಿಯಲ್ಲಿ ಜೀರ್ಣೋದ್ಧಾರಗಳೂ ಬ್ರಹ್ಮಕಲಶೋತ್ಸವಗಳೂ ಹಿಂದೆಂದೂ ಇಲ್ಲದಷ್ಟು ನಡೆಯುತ್ತಿವೆ. ಭಕ್ತರ ಔದಾರ್ಯವನ್ನು ದೂಷಿಸುವಂತಿಲ್ಲ. ಹಲರು ಕೂಡಿ ಗುಡಿಯನ್ನು ಉಳಿಸಿದ ಪದ್ಧತಿಯೇ ಇಂದೂ ಮುಂದುವರಿದಿದೆ. ಆದರೆ ಹಿಂದಿನವರು ಗೋಡೆಯನ್ನು ತಿದ್ದಿದರೆ ಇಂದಿನವರು ಬುಡದಿಂದ ಕೀಳುತ್ತಾರೆ. ಮುರಕಲ್ಲಿನ ಗೋಡೆ, ಹಳೆಯ ಪಟ್ಟಿಕೆಯ ಅಧಿಷ್ಠಾನ ಎರಡೂ ಹೋಗಿ, ಯಂತ್ರದಲ್ಲಿ ಕೊಯ್ದ ನುಣುಪಾದ ಶಿಲೆಯ ಹೊಸ ಗರ್ಭಗೃಹ ಏಳುತ್ತದೆ. ಅದರ ಮೇಲಿನ ಶಿಲ್ಪ ಕರಾವಳಿಯದೂ ಅಲ್ಲ, ಯಾವುದೊಂದು ಕಾಲದ್ದೂ ಅಲ್ಲ. ತೆಗೆದ ಕಲ್ಲುಗಳು ಕೆರೆಯ ಕಟ್ಟೆಗೋ ಪೌಳಿಯ ಅಡಿಪಾಯಕ್ಕೋ ಸೇರುತ್ತವೆ. ಜೀರ್ಣೋದ್ಧಾರವೆಂಬುದು ಶಾಸ್ತ್ರಕ್ಕೆ ಹೊರತಾದ ಕೆಲಸವೇನಲ್ಲ. ಮಯಮತವು ಅದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿರಿಸಿದೆ. ಹಳೆಯದನ್ನು ಅಳೆದು ತಿಳಿಯದೆ ಹೊಸದನ್ನು ಅದಕ್ಕೆ ಅನುರೂಪವಾಗಿ ಕಟ್ಟುವುದು ಹೇಗೆಂಬುದನ್ನು ಸ್ಥಪತಿಗಳೇ ಹೇಳಬೇಕು.

ಬಾಲಾಲಯಕ್ಕೆ ದೇವರು ಹೋದ ದಿನದಿಂದ ಮೊದಲ ಕಲ್ಲನ್ನು ಕೀಳುವವರೆಗೆ ಸಾಮಾನ್ಯವಾಗಿ ಕೆಲವು ದಿನಗಳ ಅಂತರವಿರುತ್ತದೆ. ಗರ್ಭಗೃಹದ ಒಳಹೊರಗುಗಳನ್ನು ವಿದ್ವಾಂಸನೊಬ್ಬನು ಅಳತೆಕೋಲು ಹಿಡಿದು ಸುತ್ತಲು ಆಗಮದ ಅಡ್ಡಿಯಿಲ್ಲದ ಕಾಲ ಅದೊಂದೇ. ಆ ದಿನಗಳಲ್ಲಿ ತಳವಿನ್ಯಾಸದ ನಕ್ಷೆಯನ್ನು ತೆಗೆದು, ಅಧಿಷ್ಠಾನದ ಕಲ್ಲುಗಳಿಗೆ ಅಂಕೆ ಹಾಕಿ, ಅಡಿಯಲ್ಲಿ ಹಳೆಯ ಗೋಡೆಯ ಗುರುತು ಸಿಕ್ಕಿದರೆ ಅದನ್ನೂ ಗುರುತಿಸಿಕೊಳ್ಳುವ ಕೆಲಸವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕಾಲೇಜುಗಳ ಇತಿಹಾಸ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ಕೈಕೊಂಡರೆ, ಹೆಮ್ಸೆಯ ಹಲಗೆಗಳಂತಹ ಸಾಕ್ಷ್ಯ ಮರದಲ್ಲಿ ದೊರೆಯದಿದ್ದರೂ ಕಲ್ಲಿನಲ್ಲಿ ದೊರೆತೀತು.